ಭಾಷೆ ಬಾರದವನ ಹುದ್ದೆ

ಶ್ರೀಕಂಠನ ಕೆಲಸ ಹೋದದ್ದು ಒಂದು ಗುರುವಾರ. ಮಾತು ಮಾತ್ರ ಶುಕ್ರವಾರವೂ ನಿಲ್ಲಲಿಲ್ಲ. ಹನ್ನೊಂದೂವರೆ ಗಂಟೆಗೆ ಸರಿಯಾಗಿ ಅವನು ಅಡುಗೆಮನೆಯಲ್ಲಿ ಸೌಟನ್ನು ಬಾಯಿಯ ಹತ್ತಿರ ಹಿಡಿದು, "ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಮ್ಮ ಜೊತೆ ಇರುವ ಅತಿಥಿ ಮೂಲಂಗಿ. ಮೂಲಂಗಿಯವರೇ, ಈ ಸಾರಿಗೆ ಬರಬೇಕು ಅಂತ ನಿಮಗೆ ಅನ್ನಿಸಿದ್ದು ಹೇಗೆ?" ಎಂದು ಜಪಾನಿಯಲ್ಲಿ ಗಟ್ಟಿಯಾಗಿ ಕೇಳಿದ. ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವನ ಹೆಂಡತಿ ವಸುಂಧರಾ ಆ ಹೊತ್ತಿಗೆ ಹಿರೋಷಿಮಾದ ಕಾರು ಕಂಪನಿಯವರ ಜೊತೆ ಮೀಟಿಂಗಿನಲ್ಲಿದ್ದಳು. ಆಚೆ ಕಡೆಯ ಹನ್ನೊಂದು ಜನ ಮೂಲಂಗಿ ಏನು ಉತ್ತರ ಕೊಡುತ್ತದೋ ಎಂದು ಸ್ವಲ್ಪ ಹೊತ್ತು ವಿನಯದಿಂದ ಕಾದರಂತೆ.

ಟೋಕಿಯೋ ಹತ್ತಿರದ ಕಾಶಿವಾ ಎಂಬ ಊರಿನ ರೈಲ್ವೆ ಸ್ಟೇಷನ್ನಿನ ಪಕ್ಕ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ 'ಹಿಮಾವರಿ ಎಫ್‌ಎಂ' ಎಂಬ ಅಂಗೈಯಗಲದ ರೇಡಿಯೋ ಕೇಂದ್ರ ಇತ್ತು. ೨೦೧೧ರ ಭೂಕಂಪ ಆದಾಗ, ನೀರು ಎಷ್ಟು ಗಂಟೆಗೆ ಬರುತ್ತದೆ, ರೈಲು ಎಲ್ಲಿಯತನಕ ಓಡುತ್ತದೆ ಎಂದು ವಿದೇಶಿಯರಿಗೆ ಹೇಳಲು ಜನ ಬೇಕು ಎಂದು ಅವರು ಹುಡುಕಾಡುತ್ತಿದ್ದರು. ಹೆಂಡತಿಯ ವೀಸಾದ ಬಾಲ ಹಿಡಿದು ಬಂದು ಮಗು ನೋಡಿಕೊಂಡು ಮನೆಯಲ್ಲಿದ್ದ ಶ್ರೀಕಂಠ ಹೋಗಿ ಕೂತ. ಇಂಗ್ಲಿಷಿನಲ್ಲಿ ಓದಿದ, ಹಿಂದಿಯಲ್ಲಿ ಓದಿದ, ಹುರುಪಿನಲ್ಲಿ ಕನ್ನಡದಲ್ಲೂ ಓದಿದ. ಆ ಬಡಾವಣೆಯಲ್ಲಿ ಆಗ ಇದ್ದ ಕನ್ನಡಿಗರು ಒಟ್ಟು ಮೂವರು. ಮೂವರೂ ಅವನ ಮನೆಯವರೇ. ಆದರೂ ಓದಿದ. ಹಾಗೆ ಶುರುವಾದದ್ದು ಬೆಳೆದು, ಪ್ರತಿ ಶುಕ್ರವಾರ 'ಶ್ರೀ-ಸಾನ್ ಜೊತೆ ಅರ್ಧ ಗಂಟೆ' ಎಂಬ ಜಪಾನಿ ಹರಟೆ ಕಾರ್ಯಕ್ರಮವಾಗಿ ಆರು ವರ್ಷ ನಡೆಯಿತು. ಹೆಸರಿನ ಬಾಲಕ್ಕೆ ಬರುವ 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಜಪಾನಿಯನ್ನು ಅವನು ಕಲಿತದ್ದು ಫೋನ್ ಮಾಡುವ ಅಜ್ಜಿಯರಿಂದ. ಹೀಗಾಗಿ ಅವನ ಭಾಷೆ ಬಹಳ ಶುದ್ಧ, ಬಹಳ ವಿನಯದ್ದು, ಮತ್ತು ಸ್ವಲ್ಪ ಮಂಡಿನೋವಿನದು.

ಆರು ವರ್ಷವಾದ ಮೇಲೆ ಹಿಮಾವರಿಯವರು ಮಾತಿನ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸಿ ದಿನವಿಡೀ ಹಾಡು ಹಾಕಲು ನಿರ್ಧರಿಸಿದರು. ಒಂದೇ ದಿನ ಮೂವರು ಬೀದಿಗೆ ಬಂದರು. ಊರಿನ ಇತಿಹಾಸ ಹೇಳುತ್ತಿದ್ದ ಒಗಾವಾ ಸಾನ್ ಸುಟ್ಟ ಗೆಣಸು ಮಾರುವ ಗಾಡಿ ಸೇರಿದರು. ಗಾಡಿಯ ಧ್ವನಿವರ್ಧಕದಲ್ಲಿ ಅವರು ಪ್ರತಿ ಬೀದಿಯ ಇತಿಹಾಸ ಹೇಳುತ್ತ ಹೋಗುವುದರಿಂದ ಗಿರಾಕಿಗೆ ಗೆಣಸು ಸಿಗುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಕೇಳುಗರ ಮನೆಯ ಕಷ್ಟಗಳಿಗೆ ಪರಿಹಾರ ಹೇಳುತ್ತಿದ್ದ ನಿಶಿದಾ ಸಾನ್ ಎಂಬ ಹೆಂಗಸು ಸೂಪರ್ ಮಾರ್ಕೆಟ್ಟಿನ ಮೀನಿನ ವಿಭಾಗದಲ್ಲಿ ಮೈಕ್ ಹಿಡಿದರು. "ಬಂಗುಡೆ ಇವತ್ತು ಬಹಳ ತಾಜಾ ಇದೆ. ಸೊಸೆಯ ಜೊತೆ ಮಾತು ಬಿಟ್ಟಿರುವವರು ಎರಡು ಕೊಳ್ಳಿ, ಒಂದನ್ನು ಅವಳಿಗೆ ಕೊಡಿ" ಎಂದು ಅವರು ಹೇಳಿದರೆ ಬಂಗುಡೆ ಹತ್ತು ನಿಮಿಷದಲ್ಲಿ ಖಾಲಿ.

ಉಳಿದವನು ಶ್ರೀಕಂಠ, ಮತ್ತು ಅವನ ಮೂಲಂಗಿ.

ಈ ಸುದ್ದಿ ಮೈಸೂರು ಮುಟ್ಟಿತು. ವಸುಂಧರೆಯ ತಂದೆ ಸತ್ಯನಾರಾಯಣರಾಯರು ಸರ್ಕಾರಿ ಬಸ್ಸಿನ ಡಿಪೋ ಮ್ಯಾನೇಜರಾಗಿ ನಿವೃತ್ತರಾದವರು. ಮೂವತ್ತೈದು ವರ್ಷ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ, ಈಗ ಅವರು ಗುಟ್ಟು ಹೇಳಿದರೂ ಎದುರು ಮನೆಯವರು ಹೂಂಗುಟ್ಟುತ್ತಿದ್ದರು. ಅವರು ಫೋನ್ ಮಾಡಿದರು.

"ವಸೂ, ಅಳಿಯಂದಿರು ಮನೇಲಿ ಕೂತು ಏನು ಮಾಡ್ತಿದಾರೆ?"

"ಹುಡುಕ್ತಿದಾರಪ್ಪ."

"ಏನು, ಸೌಟಾ? ನೋಡಮ್ಮ, ಮುಂದಿನ ತಿಂಗಳು ನಾನು ಬರ್ತಿದೀನಿ. ಕಣ್ಣಾರೆ ನೋಡ್ತೀನಿ. ಮರ್ಯಾದೆಯಾಗಿ ಒಂದು ಕೆಲಸ ಅಂತ ಇದ್ರೆ ಸರಿ. ಇಲ್ದಿದ್ರೆ ವಾಪಸ್ ಬರೋವಾಗ ಅವರನ್ನೂ ಕರ್ಕೊಂಡು ಬರ್ತೀನಿ. ನಮ್ಮ ರಾಮಪ್ರಸಾದನ ಕಲ್ಯಾಣ ಮಂಟಪಕ್ಕೆ ಮ್ಯಾನೇಜರ್ ಬೇಕು. ಮಾಘ ಮಾಸದ ಮುಹೂರ್ತಗಳೆಲ್ಲ ಬುಕ್ ಆಗಿವೆ. ಅಲ್ಲಿ ಬೇಕಾದಷ್ಟು ಮಾತಾಡ್ಲಿ, ಪಾತ್ರೆ ಬಾಡಿಗೆಯವನ ಹತ್ರ."

"ಅಪ್ಪ, ರಕ್ಷಾ ಸ್ಕೂಲು, ನಾನು, ಎಲ್ಲ ಇಲ್ಲಿ..."

"ನೀವಿಬ್ಬರೂ ಅಲ್ಲೇ ಇರಿ. ನಿಮಗೆ ಕೆಲಸ ಇದೆ."

ಶ್ರೀಕಂಠನಿಗೆ ಕೆಲಸದ ಚಿಂತೆ ಅಷ್ಟಾಗಿ ಇರಲಿಲ್ಲ; ಆದರೆ ಹೆಂಡತಿ, ಒಂಬತ್ತು ವರ್ಷದ ಮಗಳು ಶ್ರೀರಕ್ಷಾ ಒಂದು ದೇಶದಲ್ಲಿ, ತಾನು ಇನ್ನೊಂದು ದೇಶದಲ್ಲಿ ಕೊಪ್ಪರಿಗೆಗಳ ಮಧ್ಯೆ ಎಂದು ನೆನೆದರೆ ಮೂಲಂಗಿಯ ಸಂದರ್ಶನವೂ ಅರ್ಧಕ್ಕೇ ನಿಲ್ಲುತ್ತಿತ್ತು. ಮಾವನ ಮುಂದೆ ಬೇಡ ಎನ್ನುವ ಧೈರ್ಯ ಅವನಿಗಿರಲಿಲ್ಲ. ಆ ಧೈರ್ಯ ಮೈಸೂರಿನಲ್ಲಿ ಯಾರಿಗೂ ಇರಲಿಲ್ಲ.

ಅವನು ನೇರ ಮೀನಿನ ವಿಭಾಗಕ್ಕೆ ಹೋಗಿ ನಿಶಿದಾ ಸಾನ್ ಎದುರು ಕಷ್ಟ ತೋಡಿಕೊಂಡ. ಆಕೆ ಮೈಕ್ ಆರಿಸುವುದನ್ನು ಮರೆತದ್ದರಿಂದ ಇಡೀ ಅಂಗಡಿ ಅದನ್ನು ಕೇಳಿಸಿಕೊಂಡು, ತರಕಾರಿ ವಿಭಾಗದಿಂದ ಇಬ್ಬರು ಬಂದು ಸಮಾಧಾನ ಹೇಳಿದರು. ನಿಶಿದಾ ಸಾನ್ ಯೋಚಿಸಿ, "ಬಡಾವಣೆಯ ಸಂಘದ ಮೊರಿತಾ ಸಾನ್ ಒಬ್ಬ ವಿದೇಶಿಯನ್ನು ಹುಡುಕುತ್ತಿದ್ದಾರೆ. ಭೂಕಂಪದ ಅಣಕು ಅಭ್ಯಾಸಕ್ಕೆ. ನಿಮ್ಮ ಹೆಸರು ಹೇಳುತ್ತೇನೆ" ಎಂದರು.

ಎರಡು ದಿನದಲ್ಲಿ ಮೊರಿತಾ ಸಾನ್ ಮನೆಗೇ ಬಂದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಅವರ ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚು ನೇತಾಡುತ್ತಿತ್ತು. ಅವರು ಸಿಹಿ ತಿಂಡಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟು, ಮಂಡಿಯೂರಿ ಕೂತು, ಹಣೆ ಚಾಪೆಗೆ ಮುಟ್ಟುವಷ್ಟು ಬಾಗಿದರು.

"ಶ್ರೀಕಂಠ ಸಾನ್, ನೀವಿಲ್ಲದೆ ಈ ವರ್ಷದ ಅಭ್ಯಾಸ ನಡೆಯುವುದೇ ಇಲ್ಲ. ಎಂಟು ಶಾಲೆಗಳಲ್ಲಿ, ವರ್ಷವಿಡೀ, ಒಂದೊಂದರಲ್ಲೂ ನಾಲ್ಕುನೂರು ಜನ. ಎಲ್ಲಕ್ಕಿಂತ ಕಷ್ಟದ ಹೊಣೆ ಇದು. ದಯವಿಟ್ಟು ಒಪ್ಪಿಕೊಳ್ಳಬೇಕು."

ಅದು ಯಾವ ಹೊಣೆ ಎಂದು ಯಾರಾದರೂ ಕೇಳುತ್ತಿದ್ದರು. ಶ್ರೀಕಂಠ ಕೇಳಲಿಲ್ಲ. ಇಷ್ಟು ಬಾಗಿದವರ ಹತ್ತಿರ ವಿವರ ಕೇಳುವುದು ಅನುಮಾನಪಟ್ಟ ಹಾಗೆ ಎಂದು ಅವನೇ ಹಿಂದೊಮ್ಮೆ ರೇಡಿಯೋದಲ್ಲಿ ಅರ್ಧ ಗಂಟೆ ಉಪದೇಶ ಮಾಡಿದ್ದ. ಮೇಲಾಗಿ, ಧ್ವನಿ ಇರುವವನನ್ನು ಇನ್ನು ಯಾವುದಕ್ಕೆ ಕರೆಯುತ್ತಾರೆ? ಮೈದಾನ, ನಾಲ್ಕುನೂರು ಜನ, ಮೈಕು! ಅವನೂ ಚಾಪೆಗೆ ಹಣೆ ಮುಟ್ಟಿಸಿ ಒಪ್ಪಿಕೊಂಡ. ಮೊರಿತಾ ಸಾನ್ ಹಳದಿ ಹೆಲ್ಮೆಟ್ಟು, ಹೊಳೆಯುವ ಪಟ್ಟಿಯ ಕೋಟು ಕೊಟ್ಟು ಹೋದರು.

ಆ ಹೆಲ್ಮೆಟ್ಟೇ ಅನಾಹುತಕ್ಕೆ ಕಾರಣ. ಶ್ರೀಕಂಠ ಅದನ್ನು ಹಾಕಿಕೊಂಡು, ಗದ್ದ ಸ್ವಲ್ಪ ಮೇಲೆತ್ತಿ, ಫೋಟೋ ತೆಗೆದು, "ಹೊಸ ಜವಾಬ್ದಾರಿ. ಹಿರಿಯರ ಆಶೀರ್ವಾದವಿರಲಿ" ಎಂದು ಕುಟುಂಬದ ವಾಟ್ಸಪ್ ಗುಂಪಿಗೆ ಹಾಕಿದ. ಅವನು ಸುಳ್ಳು ಹೇಳಲಿಲ್ಲ. ಉಳಿದದ್ದನ್ನು ನೆಂಟರು ನೋಡಿಕೊಂಡರು. ಅತ್ತೆ ಚಂದ್ರಪ್ರಭಮ್ಮ, "ನಮ್ಮ ಅಳಿಯಂದಿರಿಗೆ ಜಪಾನ್ ಸರ್ಕಾರದ ಭೂಕಂಪದ ಇಲಾಖೆಯಲ್ಲಿ ದೊಡ್ಡ ಕೆಲಸ" ಎಂದು ಭಜನಾ ಮಂಡಳಿಗೆ ಕಳಿಸಿದರು. ಸಂಜೆಯ ಹೊತ್ತಿಗೆ ಅವರ ಬೀದಿಯಲ್ಲಿ, ಅಳಿಯ ರುಜು ಹಾಕದೆ ಅಲ್ಲಿ ಭೂಮಿ ಅಲುಗಾಡುವುದಿಲ್ಲ ಎಂಬಲ್ಲಿಗೆ ಸುದ್ದಿ ಬೆಳೆದಿತ್ತು. ಚಿಕ್ಕಮಾವ ರಾಮಪ್ರಸಾದ ಕಲ್ಯಾಣ ಮಂಟಪದ ಊಟದ ಹಾಲಿನ ಗೋಡೆ ಬಿರುಕುಬಿಟ್ಟ ಫೋಟೋ ಕಳಿಸಿ, "ಇದು ಎಷ್ಟು ರಿಕ್ಟರ್ ಇರಬಹುದು?" ಎಂದು ಕೇಳಿದ.

ಟೋಕಿಯೋದ ಕನ್ನಡ ಬಳಗದ ಕಾರ್ಯದರ್ಶಿ ಗುರುರಾಜನೂ ಫೋನ್ ಮಾಡಿದ. ಅವನ ಕಪಾಟಿನಲ್ಲಿ ಊರಿಂದ ತಂದ ಹನ್ನೆರಡು ಶಾಲು, ಎರಡು ಮೈಸೂರು ಪೇಟ ಇದ್ದವು. ಸನ್ಮಾನ ಮಾಡಲು ಯಾರೂ ಸಿಗದೆ ಬಹಳ ದಿನದಿಂದ ಪರದಾಡುತ್ತಿದ್ದ.

"ಶ್ರೀ, ಸ್ಪಾಟ್‌ನಲ್ಲೇ ಸನ್ಮಾನ ಮಾಡ್ಬಿಡೋಣ ಗುರು. ಡ್ರಿಲ್ ನಡೀವಾಗ್ಲೇ. ವಿಷುಯಲ್ ಸೂಪರ್ ಆಗಿರುತ್ತೆ."

"ಬೇಡ ಕಣೋ, ಸಿಂಪಲ್ ಆಗಿರ್ಲಿ" ಎಂದ ಶ್ರೀಕಂಠ, ಪೇಟದ ಅಳತೆ ಹೇಳಿದ.

ಬುಧವಾರ ರಾಯರು ಬಂದಿಳಿದರು. ಶುಕ್ರವಾರ ಮೊರಿತಾ ಸಾನ್ ಕಳಿಸಿದ ಕಾರ್ಯಕ್ರಮ ಪಟ್ಟಿ ಅಂಚೆಯಲ್ಲಿ ಬಂತು. ಜಪಾನಿನಲ್ಲಿ ಯಾವ ಕೆಲಸವೂ ನಿಮಿಷದ ಪಟ್ಟಿಯಿಲ್ಲದೆ ಆಗುವುದಿಲ್ಲ. ಆಕಸ್ಮಿಕಕ್ಕೂ ಒಂದು ವೇಳೆ ಇರುತ್ತದೆ. ಶ್ರೀಕಂಠ ಬಾಗಿಲಲ್ಲೇ ನಿಂತು ಓದಿದ.

೯.೦೭ — ಶ್ರೀಕಂಠ ಸಾನ್ ಬರುತ್ತಾರೆ. ಅವರಿಗೆ ಏನೂ ತಿಳಿಯುವುದಿಲ್ಲ.

೯.೧೨ — ಶ್ರೀಕಂಠ ಸಾನ್‌ಗೆ ಇನ್ನೂ ತಿಳಿಯುವುದಿಲ್ಲ.

೯.೧೬ — ಶ್ರೀಕಂಠ ಸಾನ್ ಗಾಬರಿಯಾಗುತ್ತಾರೆ. ಒಂದೂವರೆ ನಿಮಿಷ.

೯.೨೦ — ಬಾಯಾರಿಕೆ. ಹೇಳಲು ಬರುವುದಿಲ್ಲ.

೯.೩೧ — ಸ್ಟ್ರೆಚರ್.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅವನು ಮೊರಿತಾ ಸಾನ್‌ಗೆ ಫೋನ್ ಮಾಡಿದ.

"ಸುಮಿಮಾಸೆನ್, ಕ್ಷಮಿಸಿ, ಮೈಕಿನಲ್ಲಿ ಪ್ರಕಟಣೆ ಹೇಳುವವರು ಯಾರು?"

"ಅದಕ್ಕೆ ಕ್ಯಾಸೆಟ್ಟಿದೆ. ಹತ್ತು ವರ್ಷದಿಂದ ಅದೇ."

"ಹಾಗಾದರೆ ನಾನು?"

"ಜಪಾನಿ ತಿಳಿಯದೆ ಕಂಗಾಲಾದ ವಿದೇಶಿ. ಅಂಥವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ನಮ್ಮ ಸ್ವಯಂಸೇವಕರು ಕಲಿಯಬೇಕು. ಬಹಳ ಮುಖ್ಯ."

"ಆದರೆ ನನಗೆ ಜಪಾನಿ ಬರುತ್ತದಲ್ಲ."

ಮೊರಿತಾ ಸಾನ್ ನಿಟ್ಟುಸಿರಿಟ್ಟರು. "ಹೌದು. ಅದೊಂದು ತೊಂದರೆ ಇದೆ. ಆದರೆ ನೀವು ಶ್ರಮಪಟ್ಟರೆ ಸಾಧ್ಯ ಎಂದು ನಿಶಿದಾ ಸಾನ್ ಭರವಸೆ ಕೊಟ್ಟಿದ್ದಾರೆ."

ಬಚ್ಚಲಿನ ಹೊರಗೆ ರಾಯರು ಮೊಮ್ಮಗಳಿಗೆ ಹೇಳುತ್ತಿದ್ದರು: "ನಿಮ್ಮಪ್ಪ ಫೋನಲ್ಲಿ ಆರ್ಡರ್ ಕೊಡ್ತಿರೋದು ಕೇಳಿಸ್ತಾ? ನೋಡು, ಒಳ್ಳೆ ಆಫೀಸರ್ ತರಾನೇ ಮಾತಾಡ್ತಾರೆ." ಶ್ರೀಕಂಠನಿಗೆ ಹೊರಗೆ ಬಂದು ನಿಜ ಹೇಳಿಬಿಡುವ ಮನಸ್ಸಿತ್ತು. ಬಾಗಿಲು ತೆಗೆದರೆ ಎದುರಿಗೆ ಮಾವ ಮುಗುಳ್ನಗುತ್ತ ನಿಂತಿದ್ದರು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವರು ಅವನನ್ನು ನೋಡಿ ನಕ್ಕದ್ದು ಅದೇ ಮೊದಲು. ಶ್ರೀಕಂಠ ತಾನೂ ನಕ್ಕು, ಪಟ್ಟಿಯನ್ನು ಮಡಚಿ ಜೇಬಿಗೆ ತುರುಕಿದ.

ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ನಾಲ್ಕುನೂರು ಜನ ಸೇರಿದ್ದರು. ಬಕೆಟ್ ಸಾಲು, ಕಂಬಳಿ ರಾಶಿ, ದೊಡ್ಡ ಹಂಡೆಯಲ್ಲಿ ಕುದಿಯುವ ಸೂಪು. ಮೊರಿತಾ ಸಾನ್ ಶ್ರೀಕಂಠನ ಕೊರಳಿಗೆ ಒಂದು ರಟ್ಟಿನ ಫಲಕ ನೇತುಹಾಕಿದರು. ದಪ್ಪ ಜಪಾನಿ ಅಕ್ಷರದಲ್ಲಿ ಅದರ ಮೇಲೆ 'ಜಪಾನಿ ತಿಳಿಯದ ವಿದೇಶಿ' ಎಂದು ಬರೆದಿತ್ತು.

೯.೦೭ಕ್ಕೆ ಶ್ರೀಕಂಠ ಬಂದ. ಅವನಿಗೆ ಏನೂ ತಿಳಿಯಬಾರದಿತ್ತು. ಅಷ್ಟರಲ್ಲಿ ಕಂಬಳಿ ಹಿಡಿದ ಅಜ್ಜಿಯೊಬ್ಬಳು, "ಅರರೆ, ಶುಕ್ರವಾರದ ಶ್ರೀ-ಸಾನ್! ಹೇಗಿದ್ದೀರಿ?" ಎಂದಳು. "ತಮ್ಮ ಕೃಪೆ. ತಮ್ಮ ಮಂಡಿ ಹೇಗಿದೆ?" ಎಂದು ಅವನ ಬಾಯಿ ತಾನಾಗಿಯೇ ಅಚ್ಚ ಜಪಾನಿಯಲ್ಲಿ ಕೇಳಿತು. ಮೊರಿತಾ ಸಾನ್ ಸೀಟಿ ಊದಿದರು.

"ಶ್ರೀಕಂಠ ಸಾನ್, ನಿಮಗೆ ತಿಳಿಯುವುದಿಲ್ಲ!"

"ಕ್ಷಮೆಯಿರಲಿ, ಈಗ ಚೆನ್ನಾಗಿ ತಿಳಿಯಿತು" ಎಂದ ಶ್ರೀಕಂಠ, ಬಾಗಿ.

ಮತ್ತೆ ಸೀಟಿ. ಎರಡನೇ ಸಲ ಸ್ವಯಂಸೇವಕನೊಬ್ಬ ಚಿತ್ರದ ಕಾರ್ಡು ಹಿಡಿದು ಬಂದ. ಅದರಲ್ಲಿದ್ದ ಅಕ್ಷರದ ತಪ್ಪನ್ನು ಶ್ರೀಕಂಠ ತಿದ್ದಿಕೊಟ್ಟ. ಮೂರನೇ ಸಲ ನೀರು ತಂದವಳಿಗೆ, ಮಾತು ಬಾರದವನಂತೆ ಬರೀ ಬೆರಳಲ್ಲಿ ಗಂಟಲು ತೋರಿಸಿದ. ಅವಳು ನೀರು ಕೊಟ್ಟ ಕೂಡಲೇ, "ಅರಿಗಾತೋ, ಬಿಸಿಲಿನಲ್ಲಿ ಎಷ್ಟು ಶ್ರಮಪಡುತ್ತಿದ್ದೀರಿ" ಎಂದುಬಿಟ್ಟ. ಮೊರಿತಾ ಸಾನ್ ಸ್ಟಾಪ್‌ವಾಚನ್ನು ಅಂಗೈಯಲ್ಲಿ ಮುಚ್ಚಿಕೊಂಡು ಆಕಾಶ ನೋಡಿದರು. ಶ್ರೀಕಂಠನಿಗೆ ಅಳು ಬರುವುದೊಂದು ಬಾಕಿ. ಜಗತ್ತಿನಲ್ಲಿ ಏನೂ ಬಾರದವರಿಗೆಂದೇ ಇದ್ದ ಒಂದು ಕೆಲಸವೂ ತನಗೆ ಬರುತ್ತಿಲ್ಲ!

ಆಗ ಗೇಟಿನಲ್ಲಿ ಮಾವನ ಮಂಕಿ ಕ್ಯಾಪು ಕಾಣಿಸಿತು. ಜೊತೆಗೆ ವಸುಂಧರಾ, ರಕ್ಷಾ, ಮತ್ತು ತಟ್ಟೆಯಲ್ಲಿ ಶಾಲು, ಪೇಟ, ಗಂಧದ ಹಾರ ಹಿಡಿದ ಗುರುರಾಜ.

ವಸುಂಧರಾ ದೂರದಿಂದಲೇ ಫಲಕ ಓದಿದಳು. ಅವಳ ಹೆಜ್ಜೆ ನಿಂತಿತು.

"ಅದೇನಮ್ಮ ಕತ್ತಿನಲ್ಲಿ ಬೋರ್ಡು?" ಎಂದರು ರಾಯರು.

"ತಾತ, it says Papa doesn't under..." ಎಂದು ರಕ್ಷಾ ಶುರುಮಾಡಿದಳು.

"ಡೆಸಿಗ್ನೇಷನ್ ಅಪ್ಪ" ಎಂದಳು ವಸುಂಧರಾ, ಮಗಳ ಬಾಯಿಗೆ ಒಂದು ಬಿಸ್ಕತ್ತು ತುರುಕಿ. "ಇಲ್ಲಿ ಆಫೀಸರುಗಳು ಹಾಗೇ ಹಾಕ್ಕೋತಾರೆ."

ಗಂಡ ಬೆಳೆಯಲು ಬಿಟ್ಟ ಸುಳ್ಳಿಗೆ ಹೆಂಡತಿ ರುಜು ಹಾಕಿದ್ದನ್ನು ಶ್ರೀಕಂಠ ಮೈದಾನದ ಆಚೆಯಿಂದ ಕೇಳಲಿಲ್ಲ. ಅವಳ ಮುಖ ನೋಡಿದ, ಅಷ್ಟೇ. ಗುರುರಾಜ ಒಂದೇ ಉಸಿರಿಗೆ ಓಡಿ ಬಂದು ಶಾಲು ಹೊದೆಸಿ, ಪೇಟ ಇಟ್ಟು, ಹಾರ ಹಾಕಿ, ಫಲಕ ಅಡ್ಡ ಬರುತ್ತದೆಂದು ಅದನ್ನು ತೆಗೆದು ಪಕ್ಕಕ್ಕಿಟ್ಟ. "ಒಂದ್ ಸ್ಮೈಲ್ ಕೊಡು ಶ್ರೀ!"

ರಾಯರು ಅಳಿಯನನ್ನು ಅಭಿನಂದಿಸಲು ಅಡ್ಡ ಕಟ್ಟಿದ್ದ ಹಗ್ಗ ದಾಟಿದರು. ಆಗ ಗಂಟೆ ಸರಿಯಾಗಿ ೯.೩೧.

ಆ ವೇಳೆಗೆ ಆ ಜಾಗದಲ್ಲಿ, ಕಂಗಾಲಾದ ಒಬ್ಬ ಭಾರತೀಯ ಇರುತ್ತಾನೆ, ಎತ್ತಿಕೊಂಡು ಬರಬೇಕು ಎಂದು ಸ್ಟ್ರೆಚರಿನವರಿಗೆ ಮೊದಲೇ ಹೇಳಿಟ್ಟಿದ್ದರು. ಅವರು ನೋಡಿದರು. ಒಬ್ಬ ಪೇಟ, ಶಾಲು, ಹಾರ ಹಾಕಿಕೊಂಡು ಮುಖ್ಯ ಅತಿಥಿಯ ಹಾಗೆ ನಿಂತಿದ್ದಾನೆ. ಇನ್ನೊಬ್ಬ ಮಂಕಿ ಕ್ಯಾಪು ಹಾಕಿಕೊಂಡು ಕೈ ಬೀಸುತ್ತ ಏನೋ ಕೂಗುತ್ತಿದ್ದಾನೆ. ಅನುಮಾನವೇ ಇರಲಿಲ್ಲ. ನಾಲ್ವರು ಬಂದು, ಬಾಗಿ, ಕ್ಷಮೆ ಕೇಳಿ, ಸತ್ಯನಾರಾಯಣರಾಯರನ್ನು ಅನಾಮತ್ತಾಗಿ ಎತ್ತಿ ಮಲಗಿಸಿದರು.

"ಏಯ್! ಯಾರ್ರೋ ನೀವು? ಕೆಳಗಿಳಿಸ್ರೋ! ನಾನು ಇನ್ನೂ ಬದುಕಿದೀನ್ರೋ!"

ರಾಯರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಆದರೆ ಸಿಟ್ಟು ಬಂದರೆ ಡಿಪೋದ ಕನ್ನಡ ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ. ಚಿತ್ರದ ಕಾರ್ಡು ತೋರಿಸಿದರೆ ಅದನ್ನು ಕಿತ್ತೆಸೆದರು. ನೀರು ಕೊಟ್ಟರೆ ಕೊಟ್ಟವನ ಮೇಲೇ ಚೆಲ್ಲಿದರು. ಬೆಳ್ಳಿಬಣ್ಣದ ಹಾಳೆಯ ಕಂಬಳಿ ಸುತ್ತಿದರೆ ಅದರೊಳಗಿಂದ ಒದ್ದರು. ಸ್ವಯಂಸೇವಕರು ಭಯಭಕ್ತಿಯಿಂದ ಬರೆದುಕೊಂಡರು. ಮೊರಿತಾ ಸಾನ್‌ರ ಕಣ್ಣು ತುಂಬಿ ಬಂತು. ಹತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ತಿಳಿಯದೆ ಇರುವವರನ್ನು ಅವರು ಕಂಡಿರಲಿಲ್ಲ. ಅವರು ಪಕ್ಕದಲ್ಲಿ ಬಿದ್ದಿದ್ದ ಫಲಕವನ್ನು ಎತ್ತಿ ರಾಯರ ಕೊರಳಿಗೆ ಹಾಕಿದರು. ಆಮೇಲೆ ಕ್ಯಾಸೆಟ್ಟು ನಿಲ್ಲಿಸಿ, ಮೈಕನ್ನು ತಂದು ಪೇಟದವನ ಕೈಗೆ ಕೊಟ್ಟರು.

"ಶ್ರೀಕಂಠ ಸಾನ್, ಇವರು ಹೇಳುವುದು ನಮಗೆಲ್ಲ ತಿಳಿಯಬೇಕು. ದಯವಿಟ್ಟು ಅನುವಾದಿಸಿ."

ಎಷ್ಟೋ ದಿನದ ಮೇಲೆ ಶ್ರೀಕಂಠನ ಕೈಗೆ ಮೈಕು ಬಂತು. ಎದುರಿಗೆ ನಾಲ್ಕುನೂರು ಜನ. ಸ್ಟ್ರೆಚರಿನ ಮೇಲೆ ಮಾವ.

"ಎಲ್ಲಿ ಆ ದಂಡಪಿಂಡ? ಇಲ್ಲಿ ನನ್ನ ಹೆಣದ ತರ ಹೊತ್ಕೊಂಡು ಹೋಗ್ತಿದ್ರೆ ಅವನು ಮದುಮಗನ ಹಾಗೆ ಪೇಟ ಕಟ್ಕೊಂಡು ನಿಂತಿದಾನೆ!"

"ಹೊತ್ತು ತಂದವರಿಗೆ ತಾವು ಚಿರಋಣಿ ಎನ್ನುತ್ತಿದ್ದಾರೆ" ಎಂದ ಶ್ರೀಕಂಠ ಜಪಾನಿಯಲ್ಲಿ, ಶುಕ್ರವಾರದ ಧ್ವನಿಯಲ್ಲಿ. "ಕುಟುಂಬದವರು ಕಣ್ಣಿಗೆ ಬಿದ್ದದ್ದು ದೊಡ್ಡ ಸಮಾಧಾನವಂತೆ."

ಚಪ್ಪಾಳೆ. ಸ್ಟ್ರೆಚರಿನ ನಾಲ್ವರೂ ರಾಯರಿಗೆ ಬಾಗಿ ನಮಸ್ಕರಿಸಿದರು. ಅನುವಾದ ಮಾಡುವವನು ಮೂಲಕ್ಕೆ ನಿಷ್ಠನಾಗಿರಬೇಕು ಎಂದು ಪಂಡಿತರು ಹೇಳುತ್ತಾರೆ. ಅವರ ಮೂಲ ಯಾವತ್ತೂ ಅವರ ಹೆಣ್ಣು ಕೊಟ್ಟ ಮಾವ ಆಗಿರಲಿಕ್ಕಿಲ್ಲ.

"ಇದೇನು ಇವರಿಗೆಲ್ಲ ತಲೆ ಕೆಟ್ಟಿದೆಯಾ? ಬೈದ್ರೆ ಕೈ ಮುಗೀತಾರಲ್ಲ!"

"ನಿಮ್ಮ ಶಿಸ್ತನ್ನು ಮೆಚ್ಚಿದ್ದಾರೆ."

ಬಿಸಿ ಸೂಪು ಬಂತು. ರಾಯರು ಮೂಸಿ, "ಇದರಲ್ಲಿ ಏನಿದೆ?" ಎಂದರು. ರಕ್ಷಾ ಮುಂದೆ ಬಂದು, "Pork, ತಾತ" ಎಂದಳು. ರಾಯರು ಬಟ್ಟಲನ್ನು ತೋಳಿನಷ್ಟು ದೂರ ಹಿಡಿದು, ಈ ಸಲ ಕೂಗದೆ, "ನಾನು ಇದನ್ನ ತಿನ್ನಲ್ಲಪ್ಪ. ಉಪವಾಸ ಬೇಕಾದ್ರೂ ಇರ್ತೀನಿ" ಎಂದರು.

ಇದನ್ನು ಶ್ರೀಕಂಠ ಇದ್ದ ಹಾಗೆಯೇ ಹೇಳಿದ. ಹಂಡೆಯ ಸುತ್ತ ಇದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಹತ್ತು ವರ್ಷದಿಂದ ಸೂಪು ಮಾಡುತ್ತಿದ್ದಾರೆ, ತಿನ್ನದವರೂ ಇರಬಹುದೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಒಬ್ಬಳು ಓಡಿಹೋಗಿ ಬರೀ ಅನ್ನದ ಉಂಡೆ, ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು ತಂದಳು. ರಾಯರು ಕಚ್ಚಿ, ಕಣ್ಣು ಮುಚ್ಚಿ, "ನೆಲ್ಲಿಕಾಯಿಗೆ ಯಾರೋ ಶಾಪ ಕೊಟ್ಟ ಹಾಗಿದೆ" ಎಂದು ಎರಡನೆಯದಕ್ಕೆ ಕೈ ಚಾಚಿದರು.

"ಬಹಳ ರುಚಿಯಾಗಿದೆಯಂತೆ."

ತಿನ್ನುತ್ತ ತಿನ್ನುತ್ತ ರಾಯರು ಸುತ್ತ ನೋಡಿದರು. ಸಾಲಾಗಿ ಮಡಿಸಿಟ್ಟ ಕಂಬಳಿ, ನೀರಿನ ಕ್ಯಾನು, ಮಕ್ಕಳಿಗೂ ಮುದುಕರಿಗೂ ಹೆಲ್ಮೆಟ್ಟು. ಇದು ಆಟವಲ್ಲ, ಇಲ್ಲಿ ಭೂಮಿ ನಿಜವಾಗಿಯೂ ಅಲುಗುತ್ತದೆ ಎಂದು ಅವರಿಗೆ ಆಗ ತಾನೇ ಹೊಳೆದ ಹಾಗಿತ್ತು. ಧ್ವನಿ ತಗ್ಗಿತು. ಅವರ ಧ್ವನಿ ತಗ್ಗಿದ್ದನ್ನು ವಸುಂಧರಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ನನ್ನ ಏನೋ ಎತ್ಕೊಂಡು ಬಂದ್ರು. ನಿಜವಾಗ್ಲೂ ಆದ ದಿವಸ ನನ್ನ ಮಗಳನ್ನ ಯಾರಪ್ಪ ಎತ್ಕೊಂಡು ಬರ್ತಾರೆ? ಅವಳಿಗೆ ಇಲ್ಲಿ ಯಾರಿದಾರೆ?"

ಶ್ರೀಕಂಠ ಇದನ್ನು ಒಂದಕ್ಷರ ಬದಲಿಸದೆ ಹೇಳಿದ.

ಮಂಡಿನೋವಿನ ಅಜ್ಜಿ ಕಂಬಳಿ ಕೆಳಗಿಟ್ಟು ಮುಂದೆ ಬಂದಳು. "ಮೂರನೇ ಮಹಡಿಯ ವಸುಂಧರಾ ಸಾನ್ ತಾನೆ? ನಾವು ಕರೆತರುತ್ತೇವೆ. ಅವಳು ಮೊಟ್ಟೆಯನ್ನೂ ತಿನ್ನುವುದಿಲ್ಲ, ಅದು ಗೊತ್ತಿದ್ದೂ ಸೂಪಿನ ವಿಷಯ ಯೋಚಿಸದೆ ಇದ್ದದ್ದು ನಮ್ಮ ತಪ್ಪು. ಅವಳಿಗೆ ಲಿಫ್ಟ್ ಎಂದರೆ ಭಯ. ಗುಡುಗಿದರೆ ಮಗಳ ಹಾಸಿಗೆಗೆ ಓಡುತ್ತಾಳೆ. ನಮಗೆಲ್ಲ ಗೊತ್ತು. ಆರು ವರ್ಷ, ಪ್ರತಿ ಶುಕ್ರವಾರ, ಈ ಮನುಷ್ಯ ಹೆಂಡತಿಯ ವಿಷಯ ಬಿಟ್ಟು ಬೇರೇನು ಮಾತಾಡಿದ್ದಾನೆ?"

ಮೈದಾನದ ತುಂಬ ತಲೆಗಳು ಹೌದು ಹೌದು ಎಂದು ಆಡಿದವು.

"ಏನಂತೆ?" ಎಂದರು ರಾಯರು.

"ಅವಳನ್ನ ಇವರು ಕರ್ಕೊಂಡು ಬರ್ತಾರಂತೆ ಮಾವ. ಎಲ್ಲರಿಗೂ ಅವಳು ಗೊತ್ತಂತೆ."

"ಹೇಗೆ ಗೊತ್ತು?"

ಹೆಲ್ಮೆಟ್ಟು ಹಾಕಿಕೊಂಡ ಕೂಡಲೇ ಫೋಟೋ ತೆಗೆದು ಊರಿಗೆ ಹಂಚಿದ ಮನುಷ್ಯ, ತನ್ನ ಬಗ್ಗೆ ಹೇಳಿಕೊಳ್ಳಲು ನಿಜವಾದ ಒಂದು ಮಾತು ಸಿಕ್ಕಾಗ ಬಾಯಿ ಬಿಡಲಿಲ್ಲ. ನೆಲ ನೋಡುತ್ತ ಪೇಟ ಸರಿಮಾಡಿಕೊಂಡ.

"ಇವನು ಹೇಳಿದಾನೆ ಅಪ್ಪ" ಎಂದಳು ವಸುಂಧರಾ. "ಆರು ವರ್ಷ ರೇಡಿಯೋದಲ್ಲಿ ನನ್ನ ವಿಷಯಾನೇ ಹೇಳಿದಾನಂತೆ. ಶುಕ್ರವಾರ ನಾನು ಆಫೀಸಲ್ಲಿರ್ತಿದ್ದೆ. ಒಂದ್ ದಿನಾನೂ ಕೇಳಿರ್ಲಿಲ್ಲ." ಮರುಕ್ಷಣ ಗಂಡನ ತೋಳನ್ನು ಬಲವಾಗಿ ಚಿವುಟಿ, "ಗುಡುಗಿನ ವಿಷಯ ಊರಿಗೆಲ್ಲ ಹೇಳಿದೀಯಲ್ಲ, ಮನೆಗೆ ಬಾ ಇವತ್ತು" ಎಂದಳು. ಶ್ರೀಕಂಠ "ಅಯ್ಯಯ್ಯೋ" ಎಂದದ್ದು ಮೈಕಿನಲ್ಲಿ ಹೋಯಿತು. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ.

ರಾಯರು ಅಳಿಯನನ್ನು ಬಹಳ ಹೊತ್ತು ನೋಡಿದರು, ಲಡಾಸು ಎಂದು ಮೂಲೆಗೆ ತಳ್ಳಿದ ಬಸ್ಸು ತಾನಾಗಿ ಸ್ಟಾರ್ಟ್ ಆದದ್ದನ್ನು ನೋಡುವ ಹಾಗೆ.

ಅಭ್ಯಾಸ ಮುಗಿದ ಮೇಲೆ ಮೊರಿತಾ ಸಾನ್ ರಾಯರ ಮುಂದೆ ತೊಂಬತ್ತು ಡಿಗ್ರಿ ಬಾಗಿ, ನಾಲ್ಕು ನಿಮಿಷ ತಡವಾದದ್ದಕ್ಕೆ ಕ್ಷಮೆ ಕೇಳಿದರು. ಶ್ರೀಕಂಠ ಅನುವಾದಿಸಿದ.

"ನಾಲ್ಕು ನಿಮಿಷಾನಾ? ನಮ್ಮಲ್ಲಿ ಅದಕ್ಕೆ ಬಿಫೋರ್ ಟೈಮ್ ಅಂತಾರೆ" ಎಂದ ರಾಯರು, ಮೊರಿತಾರ ಸ್ಟಾಪ್‌ವಾಚನ್ನು ಕೈಗೆ ತೆಗೆದುಕೊಂಡು ಮೆಚ್ಚುಗೆಯಿಂದ ತಿರುಗಿಸಿ ನೋಡಿದರು. ಬಸ್ಸಿನವರೂ ರೈಲಿನವರೂ ಒಂದು ಬೆಂಚಿನ ಮೇಲೆ ಕೂತು, ಮಧ್ಯೆ ಶ್ರೀಕಂಠನನ್ನು ಕೂರಿಸಿಕೊಂಡು, ಲೇಟಾಗಿ ಬಂದ ಡ್ರೈವರುಗಳನ್ನು ಒಂದು ಗಂಟೆ ಕಾ‌ಲ ಬೈದರು. ಏಳುವ ಮುಂಚೆ ಮೊರಿತಾ ಸಾನ್ ಇನ್ನೊಂದು ಸಲ ಬಾಗಿ ಒಂದು ಬೇಡಿಕೆ ಇಟ್ಟರು. ಇನ್ನು ಏಳು ಶಾಲೆಗಳಿವೆ. ಕ್ಯಾಸೆಟ್ಟಿನ ಬದಲು ಮೈಕಿಗೆ ಶ್ರೀಕಂಠ ಸಾನ್ ಬೇಕು. ಸ್ಟ್ರೆಚರಿಗೆ ರಾಯರೇ ಬೇಕು, ಬೇರೆ ಯಾರೂ ಆಗುವುದಿಲ್ಲ.

ಮನೆಗೆ ಬಂದು ಮಂಕಿ ಕ್ಯಾಪು ತೆಗೆದಿಟ್ಟು, ಫಲಕವನ್ನು ಮಾತ್ರ ತೆಗೆಯದೆ, ರಾಯರು ತಮ್ಮನಿಗೆ ಫೋನ್ ಮಾಡಿದರು. ಅಡುಗೆಮನೆಯಲ್ಲಿ ಶ್ರೀಕಂಠ ಸೌಟು ಹಿಡಿದು, ಉಸಿರು ಹಿಡಿದು, ಕಿವಿಗೊಟ್ಟು ನಿಂತ. ಕಿವಿಗೊಡುವ ಅಗತ್ಯವೇನೂ ಇರಲಿಲ್ಲ. ಕೆಳಗಿನ ಬೀದಿಯವರೆಗೂ ಕೇಳಿಸುತ್ತಿತ್ತು.

"ರಾಮಪ್ರಸಾದಾ, ಮಂಟಪಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋಪ್ಪ. ಅಳಿಯಂದಿರಿಗೆ ಇಲ್ಲಿಂದ ರಜ ಸಿಗಲ್ಲ. ಮಾಘದ ಮದುವೆಗಳಿಗೆ ನನ್ನನ್ನೂ ಕಾಯಬೇಡ. ನನಗೂ ರಜ ಇಲ್ಲ."